ಕೊನೆಯ ಕಂಬದ ವೋಲ್ಟೇಜು

ಟೆಸ್ಟರನ್ನು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅಂಗಿಯ ಕಿಸೆಗೆ ಪೆನ್ನಿನ ಹಾಗೆ ಸಿಕ್ಕಿಸಿಕೊಂಡ ಆ ಸ್ಕ್ರೂಡ್ರೈವರನ್ನು ಪ್ಲಗ್ಗಿನ ತೂತಿಗೆ ತೂರಿಸುತ್ತಾರೆ, ಅದರ ಹೊಟ್ಟೆಯೊಳಗಿನ ಸಣ್ಣ ಕೆಂಪು ದೀಪ ಹತ್ತಿತೋ, "ಕರೆಂಟ್ ಉಂಟು" ಎಂದು ತೀರ್ಪು ಕೊಟ್ಟು ಬಿಡುತ್ತಾರೆ. ಆ ದೀಪ ಇನ್ನೂರ ಮೂವತ್ತು ವೋಲ್ಟಿಗೂ ಹತ್ತುತ್ತದೆ, ನೂರಕ್ಕೂ ಹತ್ತುತ್ತದೆ. ಜ್ವರ ಎಷ್ಟುಂಟು ಎಂದು ಕೇಳಿದರೆ ಜೀವ ಉಂಟು ಎಂದು ಹೇಳುವ ವೈದ್ಯ ಅದು. ಇಚಿಲಂಪಾಡಿಯ ನಮ್ಮ ಓಣಿಯಲ್ಲಿ ವೋಲ್ಟೇಜಿನ ಬಗ್ಗೆ ಇದ್ದ ಜ್ಞಾನವೆಲ್ಲ ಇಷ್ಟೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಸುಳ್ಯ ಕಡೆ ಮಂಡೆಕೋಲಿನಲ್ಲಿ ಕೆಲವು ವರ್ಷ, ಪುತ್ತೂರಿನಲ್ಲಿ ಕೆಲವು ವರ್ಷ, ಕೊನೆಗೆ ಇಲ್ಲೇ ಆಲಂಕಾರಿನ ಹತ್ತಿರ. ಊರಿಗೆಲ್ಲ ಟೀಚರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ. ಇಷ್ಟನ್ನು ಮಕ್ಕಳ ತಲೆಗೆ ಹಾಕಲು ನನ್ನ ಗಂಟಲು ಹೋಗಿದೆ. ಪುಸ್ತಕದ ಲೆಕ್ಕಗಳಲ್ಲಿ ವೋಲ್ಟೇಜು ಯಾವಾಗಲೂ ಇನ್ನೂರ ಇಪ್ಪತ್ತು. ಹತ್ತರಿಂದ ಸಲೀಸಾಗಿ ಭಾಗ ಹೋಗುವ ಆ ಇನ್ನೂರ ಇಪ್ಪತ್ತನ್ನು ನಮ್ಮ ಊರಿನ ಯಾವ ಮನೆಯ ಪ್ಲಗ್ಗಿನಲ್ಲೂ ಯಾರೂ ಕಂಡದ್ದಿಲ್ಲ. ಲೆಕ್ಕದ ಕೊನೆಗೆ ಒಂದು ಸಾಲು ಕಾಯಂ ಇರುತ್ತಿತ್ತು: "ಸಂಪರ್ಕ ತಂತಿಗಳ ರೋಧವನ್ನು ಉಪೇಕ್ಷಿಸಿ." ಅದನ್ನು ಎಷ್ಟು ಸಾವಿರ ಸಲ ಬಾಯಿಬಿಟ್ಟು ಬರೆಸಿದ್ದೇನೋ ಲೆಕ್ಕವಿಲ್ಲ. ಯಾಕೆ ಉಪೇಕ್ಷಿಸಬೇಕು ಎಂದು ಒಂದು ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿವೃತ್ತಿಯ ದಿನ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು. ಮನೆಯಲ್ಲಿ ಆಗಲೇ ನಾಲ್ಕು ಗಡಿಯಾರ ಇದ್ದವು. ಮರುವಾರ ನಾನೇ ಪುತ್ತೂರಿಗೆ ಹೋಗಿ ಒಂದು ಕ್ಲ್ಯಾಂಪ್ ಮೀಟರು ತಂದೆ. ಏಡಿಯ ಇಕ್ಕಳದ ಹಾಗೆ ಬಾಯಿ ತೆರೆದು ತಂತಿಯನ್ನು ಕಚ್ಚಿ ಹಿಡಿದು, ಅದರಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ ಎಂದು ಹೇಳುವ ಮೀಟರು. ವೋಲ್ಟನ್ನೂ ಅದೇ ತೋರಿಸುತ್ತದೆ. "ಈ ಪ್ರಾಯದಲ್ಲಿ ನಿನಗೆ ಎಂತಕ್ಕೆ ಇದು?" ಎಂದು ನಮ್ಮ ಮನೆಯವರು ಕೇಳಿದರು. ಅವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಟಿವಿಯ ರಿಮೋಟು ಬಿಟ್ಟು ಬೇರೆ ಯಾವ ಯಂತ್ರವನ್ನೂ ಮುಟ್ಟಿದವರಲ್ಲ.

ನಮ್ಮ ಓಣಿಯ ವ್ಯವಸ್ಥೆ ಹೇಳಿಬಿಡುತ್ತೇನೆ. ರಬ್ಬರ್ ಶೀಟು ಖರೀದಿಯ ಅಂಗಡಿಯ ಎದುರು ಟ್ರಾನ್ಸ್‌ಫಾರ್ಮರು. ಅಲ್ಲಿಂದ ಒಂದೇ ಲೈನು ಗುಡ್ಡ ಇಳಿದು ಸುಮಾರು ಒಂದು ಕಿಲೋಮೀಟರು ಬರುತ್ತದೆ. ಒಂಬತ್ತು ಮನೆ. ನಮ್ಮದು ನಡುವಿನಲ್ಲಿ. ನಮ್ಮಿಂದ ಕೆಳಗೆ ಒಬ್ಬರು ನಿವೃತ್ತ ಎಸ್ಟೇಟ್ ಮ್ಯಾನೇಜರು. ಕಟ್ಟಕಡೆಯ ಕಂಬದ ಹತ್ತಿರ ಚೇಟತ್ತಿಯ ಮನೆ. ಅವಳ ಹಿರಿಯರು ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದವರು. ಗಂಡ ತೀರಿಕೊಂಡ ಮೇಲೆ ಉಳಿದದ್ದು ಒಂದು ತುಂಡು ಜಾಗ, ಹೆಂಚಿನ ಮನೆ. ನನಗಿಂತ ಹತ್ತು ವರ್ಷ ಚಿಕ್ಕವಳಾದರೂ ಊರಿಗೆಲ್ಲ ಅವಳು ಚೇಟತ್ತಿಯೇ, ಮಲಯಾಳದಲ್ಲಿ ಅಕ್ಕ.

ಈಗ ಸ್ಟೆಬಿಲೈಸರಿನ ಕಥೆ. ಕೆಲವು ವರ್ಷಗಳ ಹಿಂದೆ ನಮ್ಮ ಫ್ರಿಜ್ಜಿನ ಕಂಪ್ರೆಸರು ಸುಟ್ಟಿತು. ರಿಪೇರಿಯವನು ಟೆಸ್ಟರು ಹಾಕಿ "ಕರೆಂಟ್ ಉಂಟು, ನಿಮ್ಮ ಗ್ರಹಚಾರ" ಎಂದ. ನಾನು ಮೀಟರು ಹಿಡಿದೆ. ಸಂಜೆ ಏಳು ಗಂಟೆಗೆ ನೂರ ತೊಂಬತ್ತು. ಇಡೀ ಮನೆಗೆ ಒಂದೇ ದೊಡ್ಡ ಸ್ಟೆಬಿಲೈಸರು ತರಿಸಿ ಮೈನ್ ಬೋರ್ಡಿನ ಕೆಳಗೆ ಇಡಿಸಿದೆ. ಹೊರಗಿನಿಂದ ಎಷ್ಟೇ ಕಡಿಮೆ ಬರಲಿ, ಒಳಗೆ ಇನ್ನೂರ ಮೂವತ್ತು ಮಾಡಿ ಕೊಡುವ ಪೆಟ್ಟಿಗೆ. ಅಬ್ಬ, ನನ್ನ ಜಂಬ ನೋಡಬೇಕಿತ್ತು! ಬಂದವರಿಗೆಲ್ಲ ಚಹಾದ ಜೊತೆ ಮದುವೆ ಕಾಗದದ ಹಿಂದೆ ಲೆಕ್ಕ ಬರೆದು ತೋರಿಸುತ್ತಿದ್ದೆ. ಕಂಪ್ರೆಸರು ಬೇಡುವ ವ್ಯಾಟ್ ಇಷ್ಟು. ವೋಲ್ಟು ಇಳಿದರೆ ಅಷ್ಟೇ ವ್ಯಾಟಿಗೆ ಆಂಪಿಯರು ಏರಬೇಕು. ಆಂಪಿಯರು ಏರಿದರೆ ಒಳಗಿನ ತಂತಿಯ ಸುತ್ತು ಸುಡುತ್ತದೆ. ಆದ್ದರಿಂದ ಸ್ಟೆಬಿಲೈಸರು ಹಾಕಿ. ಮ್ಯಾನೇಜರು ಆ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ಎರಡು ತಿಂಗಳೊಳಗೆ ಅವರ ಮನೆಗೆ ಒಂದು ಬಂತು, ನಮ್ಮದಕ್ಕಿಂತ ದೊಡ್ಡದು. ಆಮೇಲೆ ಮೇಲಿನ ಮನೆಯವರಿಗೆ, ಅವರ ಮೇಲಿನವರಿಗೆ. "ಟೀಚರು ಲೆಕ್ಕ ಮಾಡಿ ಹೇಳಿದ್ದಾರೆ ಮಾರಾಯ್ರೆ" ಎಂದು ಅಂಗಡಿಯಲ್ಲಿ ಹೇಳುತ್ತಿದ್ದರಂತೆ. ನನಗೆ ಕೇಳಿ ಖುಷಿಯೇ ಆಗಿತ್ತು.

ಕರೆಂಟು ಇಳಿದದ್ದು ಯಾರಿಗೂ ಗೊತ್ತಾಗದಿರಲು ಇನ್ನೊಂದು ಕಾರಣ ಎಲ್‌ಇಡಿ ಬಲ್ಬು. ಹಿಂದಿನ ಬಲ್ಬಾದರೆ ವೋಲ್ಟೇಜು ಇಳಿದ ಕೂಡಲೇ ಕೆಂಪಾಗಿ ಮುಖ ಸಪ್ಪಗೆ ಮಾಡುತ್ತಿತ್ತು, ಅಜ್ಜಿಯಂದಿರಿಗೂ ತಿಳಿಯುತ್ತಿತ್ತು. ಈಗಿನದು ನೂರ ಇಪ್ಪತ್ತಕ್ಕೂ ಹಲ್ಲು ಕಿರಿದುಕೊಂಡು ಬೆಳ್ಳಗೇ ಉರಿಯುತ್ತದೆ. ಬೆಳಕು ಉಂಟಲ್ಲ, ಟಿವಿ ಓಡುತ್ತದಲ್ಲ, ಮತ್ತೆ ಎಂತ? ನಮ್ಮವರಿಗೆ ಕಣ್ಣಿಗೆ ಕಂಡದ್ದು ಸಾಕು, ಅಳೆಯುವುದೆಂದರೆ ಅಹಂಕಾರ.

ಚೇಟತ್ತಿ ಹೋಂ ನರ್ಸ್ ಆಗಿ ದುಡಿದವಳು. ಎಂಟು ವರ್ಷ ಯಾವ್ಯಾವುದೋ ಪಟ್ಟಣದ ಮನೆಗಳಲ್ಲಿ ಮಲಗಿದಲ್ಲೇ ಇರುವ ಮುದುಕರ ಮೈ ಒರೆಸಿ, ಗಂಜಿ ಕುಡಿಸಿ, ಅವರ ಮಕ್ಕಳಿಂದ ಬೈಸಿಕೊಂಡವಳು. "ಅಡುಗೆಮನೆಯ ನೆಲದಲ್ಲಿ ಮಲಗುದು ಟೀಚರೇ. ಬಾಗಿಲು ಕೂಡ ಇಲ್ಲ" ಎಂದು ಒಮ್ಮೆ ಹೇಳಿದ್ದಳು. ಬೆನ್ನು ಹೋದ ಮೇಲೆ ವಾಪಸು ಬಂದಳು. ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ಒಂದು ಮರಿ ಮಾಡುವ ಮೆಷಿನು ತಂದಳು. ಕಪಾಟಿನಷ್ಟು ದೊಡ್ಡ ಪೆಟ್ಟಿಗೆ. ಒಳಗೆ ತಟ್ಟೆಗಳಲ್ಲಿ ಊರ ಕೋಳಿಯ ಮೊಟ್ಟೆ, ಬಿಸಿ ಮಾಡಲು ಒಂದು ಕಾಯಿಲು, ಬಿಸಿ ಹರಡಲು ಒಂದು ಫ್ಯಾನು. ಇಪ್ಪತ್ತೊಂದು ದಿನ ಮೂವತ್ತೇಳೂವರೆ ಡಿಗ್ರಿ ಬಿಸಿ ತಪ್ಪಬಾರದು, ಅಷ್ಟೇ ಅದರ ವ್ರತ. ಮರಿಗಳಿಗೆ ಸುತ್ತಲಿನ ಊರುಗಳಿಂದ ಬೇಡಿಕೆ ಉಂಟು. "ಇದು ಹಿಡಿದ್ರೆ ನಾನು ಇಲ್ಲೇ ಸಾಯುದು. ಇದು ಲಗಾಡಿ ಹೋದ್ರೆ ಮತ್ತೆ ಬ್ಯಾಗು ಕಟ್ಟುದೇ" ಎಂದಳು. ತಮಾಷೆಗೆ ಹೇಳಿದ್ದಲ್ಲ. ಮತ್ತೆ ಹೋಂ ನರ್ಸ್ ಕೆಲಸಕ್ಕೆ ಕಳಿಸಲು ಏಜೆಂಟಿನ ಫೋನು ವಾರಕ್ಕೊಮ್ಮೆ ಬರುತ್ತಲೇ ಇತ್ತು.

ಮೊದಲ ಸಲ ಮೊಟ್ಟೆ ಇಟ್ಟದ್ದು ಅಕ್ಟೋಬರಿನಲ್ಲಿ. ಇಪ್ಪತ್ತೊಂದು ದಿನ ಆಯಿತು, ಇಪ್ಪತ್ತಮೂರಾಯಿತು, ಬೆರಳಲ್ಲಿ ಎಣಿಸುವಷ್ಟು ಮರಿ ಹೊರಗೆ ಬಂದವು. ಉಳಿದವು ಚಿಪ್ಪಿನೊಳಗೇ ಸತ್ತಿದ್ದವು. ಒಡೆದು ನೋಡಿದರೆ ಕೊಕ್ಕು, ಗರಿ, ಉಗುರು ಎಲ್ಲ ಆಗಿತ್ತು, ಹೊರಗೆ ಬರುವ ತ್ರಾಣ ಮಾತ್ರ ಇರಲಿಲ್ಲ.

ಊರಿನ ಪಂಡಿತರು ಸುಮ್ಮನಿರುತ್ತಾರೆಯೇ! ಒಬ್ಬರು ಹುಂಜ ಸರಿಯಿಲ್ಲ ಎಂದರು. ಒಬ್ಬರು ಮೊಟ್ಟೆ ಬೈಕಿನಲ್ಲಿ ತಂದದ್ದು ತಪ್ಪು ಎಂದರು. ದೃಷ್ಟಿಯಾಗಿದೆ ಎಂದು ಮೆಣಸು ಸುಡಲು ಹೇಳಿದವರೂ ಉಂಟು. ಮೆಷಿನಿನ ಕೋಣೆಯಲ್ಲಿ ಮೆಣಸಿನ ಹೊಗೆ ಹಾಕಿದ್ದರೆ ಉಳಿದ ನಾಲ್ಕು ಮರಿಯೂ ಶಿವಾಯನಮಃ ಆಗುತ್ತಿದ್ದವು. ಎಲ್ಲರಿಗಿಂತ ಮೇಲೆ ನಮ್ಮ ವಯರ್‌ಮ್ಯಾನು. ಸುಳ್ಯದ ಕಡೆಯವನು, ಈಗ ನಲವತ್ತರ ಹತ್ತಿರ. ಒಂದು ಕಾಲದಲ್ಲಿ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತವನು. ಬಂದ, ಕಿಸೆಯಿಂದ ಟೆಸ್ಟರು ತೆಗೆದ, ತೂರಿಸಿದ, "ಕರೆಂಟ್ ಉಂಟು" ಎಂದ. ಆಮೇಲೆ, "ಕಾಯಿಲು ವೀಕ್ ಆಗಿದೆ ಚೇಟತ್ತಿ, ಬದಲಿಸುವ" ಎಂದ. ಬದಲಿಸಿದ. ಎರಡನೆಯ ಸಲದ ಮೊಟ್ಟೆಯೂ ಹಾಗೇ ಆಯಿತು. "ಈ ಕಾಯಿಲೂ ವೀಕು" ಎಂದ. ನಮ್ಮಲ್ಲಿ ಬಿಸಿಯಾಗದ ವಸ್ತುವಿಗೆ ಒಂದೇ ಮದ್ದು, ಕಾಯಿಲು ಬದಲಿಸುವುದು.

ಡಿಸೆಂಬರಿನಲ್ಲಿ ಚೇಟತ್ತಿ ಮೂರನೆಯ ಸಲ ಮೊಟ್ಟೆ ಇಟ್ಟಳು. ಒಂಬತ್ತನೆಯ ದಿನ ಸಂಜೆ ನನಗೆ ಫೋನು ಮಾಡಿದಳು. "ಟೀಚರೇ, ಮೂವತ್ತನಾಲ್ಕಕ್ಕೆ ಇಳಿದಿದೆ. ಎಂಡೆ ಮಾತಾವೇ, ಇದೂ ಹೋದ್ರೆ ನಾನು ಎಂತ ಮಾಡುದು?" ಮಾತೆ ಮರಿಯಳನ್ನು ಕರೆದು ಅಳುತ್ತಿದ್ದಳು. ನಾನು ಮೀಟರು ಚೀಲಕ್ಕೆ ಹಾಕಿಕೊಂಡು ಓಣಿ ಇಳಿದೆ. ವಯರ್‌ಮ್ಯಾನು ನನಗಿಂತ ಮೊದಲೇ ಬಂದು ಮೂರನೆಯ ಕಾಯಿಲು ಹಿಡಿದುಕೊಂಡು ನಿಂತಿದ್ದ.

"ಮುಟ್ಟಬೇಡ ಅದನ್ನು. ಮೊದಲು ಅಳೆ" ಎಂದು ಮೀಟರು ಅವನ ಕೈಗೆ ಕೊಟ್ಟೆ. ಅವನು ಏಡಿಯ ಬಾಯಿ ತೆರೆದು ಇಡೀ ವಯರನ್ನೇ, ಒಳಗಿನ ಎರಡೂ ತಂತಿ ಸೇರಿಸಿ, ಕಚ್ಚಿಸಿದ. ಸೊನ್ನೆ ತೋರಿಸಿತು.

"ಕರೆಂಟೇ ಹೋಗುದಿಲ್ಲ ಟೀಚರೇ. ನಾನು ಹೇಳಿದ್ದಲ್ವಾ, ಕಾಯಿಲು ಡೆಡ್ಡು."

"ನಿನ್ನ ಮಂಡೆ ಡೆಡ್ಡು. ಒಂದು ತಂತಿಯಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸು ಬರ್ತದೆ. ಎರಡನ್ನೂ ಒಟ್ಟಿಗೆ ಹಿಡಿದ್ರೆ ಒಂದನ್ನೊಂದು ಹೊಡೆದು ಹಾಕ್ತದೆ. ಒಂದೇ ತಂತಿ ಬಿಡಿಸಿ ಹಿಡಿ. ಹೈಸ್ಕೂಲಿಗೆ ಬಂದದ್ದು ಎಂತಕ್ಕೆ ನೀನು, ಮಧ್ಯಾಹ್ನದ ಊಟಕ್ಕಾ?"

"ನೀವು ಬೋರ್ಡಿನಲ್ಲಿ ಬರೆದದ್ದು ಬಿಟ್ರೆ ಮೀಟರು ತೋರಿಸ್ಲೇ ಇಲ್ಲ ಅಲ್ವಾ ಟೀಚರೇ" ಎಂದ ಅವನು, ತಂತಿ ಬಿಡಿಸುತ್ತ. ಮಾತು ಮೆತ್ತಗಿತ್ತು. ನಾನು ಕೇಳಿಸದವಳ ಹಾಗೆ ಪೆನ್ನು ತೆಗೆದೆ.

ಮೆಷಿನಿನ ಬೆನ್ನಿನ ತಗಡಿನ ಮೇಲೆ ಬರೆದಿತ್ತು: ಇನ್ನೂರ ಮೂವತ್ತು ವೋಲ್ಟು, ನಾನೂರು ವ್ಯಾಟು. ಹಾಗಾದರೆ ಅದು ಎಳೆಯಬೇಕಾದ್ದು ಒಂದೂ ಮುಕ್ಕಾಲು ಆಂಪಿಯರಿನ ಹತ್ತಿರ, ಕಾಯಿಲಿನ ರೋಧ ನೂರ ಮೂವತ್ತೆರಡು ಓಮ್. ಮೀಟರು ತೋರಿಸಿದ್ದು ನೂರ ಐವತ್ತು ವೋಲ್ಟು, ಒಂದು ಪಾಯಿಂಟ್ ಒಂದು ಮೂರು ಆಂಪಿಯರು. ಭಾಗಿಸಿದರೆ ನೂರ ಮೂವತ್ತೆರಡು ಚಿಲ್ಲರೆ. ಎಂದರೆ ಕಾಯಿಲು ಹುಟ್ಟಿದ ದಿನ ಹೇಗಿತ್ತೋ ಹಾಗೇ ಉಂಟು. ಪಾಪ, ನಿರಪರಾಧಿ. ಗುಣಿಸಿದರೆ ನೂರ ಎಪ್ಪತ್ತು ವ್ಯಾಟು.

"ನಾನೂರು ಇರುವಲ್ಲಿ ನೂರ ಎಪ್ಪತ್ತು" ಎಂದು ಕಾಗದವನ್ನು ಅವರ ಮುಖಕ್ಕೆ ಹಿಡಿದೆ.

ವಯರ್‌ಮ್ಯಾನು ನಂಬಲಿಲ್ಲ. "ನೂರ ಐವತ್ತು ಅಂದ್ರೆ ಮೂರರಲ್ಲಿ ಎರಡು ಪಾಲು ಉಂಟಲ್ವಾ? ಬಿಸಿಯೂ ಮೂರರಲ್ಲಿ ಎರಡು ಪಾಲು ಬರ್ಬೇಕು."

ಇಡೀ ಊರಿಗೆ ಊರೇ ಹೀಗೆ ತಿಳಿದದ್ದು. ಆದರೆ ಕಾಯಿಲು ಕಂಪ್ರೆಸರಿನ ಹಾಗಲ್ಲ, ವೋಲ್ಟು ಇಳಿದಾಗ ಆಂಪಿಯರೂ ಅದರ ಜೊತೆಗೇ ಇಳಿಯುತ್ತದೆ, ಬಿಸಿ ಎರಡು ಕಡೆಯಿಂದ ಏಟು ತಿನ್ನುತ್ತದೆ. ಮೂರರಲ್ಲಿ ಎರಡು ಪಾಲಿನ ಮೂರರಲ್ಲಿ ಎರಡು ಪಾಲು, ಅರ್ಧಕ್ಕಿಂತಲೂ ಕಡಿಮೆ. ಮಧ್ಯಾಹ್ನ ವೋಲ್ಟೇಜು ನೂರ ಎಪ್ಪತ್ತೈದು ಇದ್ದಾಗ ಇನ್ನೂರ ಮೂವತ್ತು ವ್ಯಾಟು ಸಿಗುತ್ತಿತ್ತು, ಪೆಟ್ಟಿಗೆ ಬಿಸಿ ಹಿಡಿದು ನಿಲ್ಲುತ್ತಿತ್ತು. ಸಂಜೆ ಆರಕ್ಕೆ ಎಲ್ಲ ಮನೆಗಳೂ ಎದ್ದ ಕೂಡಲೇ ನೂರ ಎಪ್ಪತ್ತು ವ್ಯಾಟಿಗೆ ಕುಸಿದು ಮೊಟ್ಟೆಗಳು ತಣ್ಣಗಾಗುತ್ತಿದ್ದವು. ದಿನಾ ನಾಲ್ಕೈದು ಗಂಟೆ, ಇಪ್ಪತ್ತೊಂದು ದಿನ.

"ಹಾಗಾದ್ರೆ ಮೆಷಿನು ಸರಿ ಉಂಟಾ?" ಎಂದು ಚೇಟತ್ತಿ ಕೇಳಿದಳು.

"ಮೆಷಿನು ಸರಿ ಉಂಟು, ಮೊಟ್ಟೆ ಸರಿ ಉಂಟು, ಹುಂಜ ಸರಿ ಉಂಟು. ಲೈನಿನಲ್ಲಿ ಯಾರೋ ಕುಡಿದು ಮುಗಿಸ್ತಿದ್ದಾರೆ. ಹಿಡಿದು ಕೊಡ್ತೇನೆ" ಎಂದೆ. ಎಷ್ಟು ಗತ್ತಿನಿಂದ ಹೇಳಿದ್ದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವಳಿಗೂ ಒಂದು ಸ್ಟೆಬಿಲೈಸರು ಹಾಕಿಸಿದರೆ ಮುಗಿಯಿತಲ್ಲ ಎಂದು ವಯರ್‌ಮ್ಯಾನು ಹೇಳಿದ. ಅವಳ ಕೈಗೆಟಕುವ ಸಣ್ಣ ಪೆಟ್ಟಿಗೆಗಳು ನೂರ ಎಪ್ಪತ್ತು ವೋಲ್ಟಿಗಿಂತ ಕೆಳಗೆ ಬಂದರೆ ಕಟ್ ಎಂದು ಬಾಗಿಲು ಮುಚ್ಚಿಕೊಂಡು ಕೂರುತ್ತವೆ. ಕೊನೆಯ ಕಂಬದವಳಿಗೆ ಅದೂ ಇಲ್ಲ.

ಮರುದಿನ ಸಂಜೆ ನಾನು ಮೀಟರು ಹಿಡಿದು ಓಣಿ ಹತ್ತಿದೆ. ಟ್ರಾನ್ಸ್‌ಫಾರ್ಮರಿನ ಎದುರಿನ ಅಂಗಡಿಯಲ್ಲಿ ಇನ್ನೂರ ಮೂವತ್ತೆರಡು, ರಾಜಯೋಗ. ಅಲ್ಲಿಂದ ಇಳಿಯುತ್ತ ಇಳಿಯುತ್ತ ಇನ್ನೂರ ಹದಿನೈದು, ಇನ್ನೂರು, ನೂರ ಎಂಬತ್ತೈದು. ಪ್ರತಿ ಮನೆಯಲ್ಲೂ ಮೆಟ್ಟಿಲ ಕೆಳಗೆ ಒಂದೊಂದು ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಒಂದು ಮನೆಯಲ್ಲಿ ಸ್ಟೆಬಿಲೈಸರಿನ ಮೇಲೆ ಕುಂಕುಮ ಹಚ್ಚಿ ಹೂ ಇಟ್ಟಿದ್ದರು. ಇನ್ನೊಂದರಲ್ಲಿ ಸ್ಟೆಬಿಲೈಸರಿನ ಒಳಗಿನ ವೋಲ್ಟು ಸಾಲುವುದಿಲ್ಲವೆಂದು ಅದರ ಬೆನ್ನಿಗೆ ಇನ್ನೊಂದು ಸಣ್ಣ ಸ್ಟೆಬಿಲೈಸರು! ನಾನು ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದೆ. ಹೊಸ ಟ್ರಾನ್ಸ್‌ಫಾರ್ಮರಿಗೆ ಒಂದು ಅರ್ಜಿಯೂ ಬರೆದುಕೊಂಡು ಹೋಗಿದ್ದೆ. ಮೇಲಿನ ಮೂರು ಮನೆಯವರು ಸಹಿಗೆ "ಪುರುಸೊತ್ತಿಲ್ಲ, ಮತ್ತೆ ನೋಡುವ" ಎಂದರು. ಅವರಿಗೇನು, ವೋಲ್ಟೇಜು ಸರಿ ಉಂಟಲ್ಲ. ಎಲ್ಲರನ್ನೂ ಮನಸ್ಸಿನಲ್ಲೇ ಫೇಲು ಮಾಡುತ್ತ ಮನೆಗೆ ಬಂದೆ.

ಪಟ್ಟಿಯಲ್ಲಿ ನಮ್ಮ ಮನೆಯದೊಂದು ಬಾಕಿ ಇತ್ತು. ಬರೀ ಕ್ರಮಕ್ಕೆಂದು ಅಳೆದೆ: ನೂರ ಎಪ್ಪತ್ತೆರಡು. ಒಳಗೆ ನಮ್ಮ ಮನೆಯವರು ಡಿಸೆಂಬರಿನ ಚಳಿಯಲ್ಲೂ ಎ.ಸಿ. ಹಾಕಿ, ಮೈಮೇಲೆ ಕಂಬಳಿ ಹೊದ್ದು ವಾರ್ತೆ ನೋಡುತ್ತಿದ್ದರು. ಸೆಕೆಯೆಂದಲ್ಲ, ಸೊಳ್ಳೆ ಬರಬಾರದೆಂದು ಬಾಗಿಲು ಮುಚ್ಚಬೇಕು, ಮುಚ್ಚಿದರೆ ಉಸಿರು ಕಟ್ಟುತ್ತದೆ, ಅದಕ್ಕೆ ಎ.ಸಿ. ಸ್ಟೆಬಿಲೈಸರಿನ ಹಿಂದಿನ ತಂತಿಗೆ ಕ್ಲ್ಯಾಂಪು ಹಾಕಲು ಕೈ ತೂರುವುದಿತ್ತು, ಹೆದರಿಕೆಯಿಂದ ಮೈನ್ ಸ್ವಿಚ್ಚು ಆಫ್ ಮಾಡಿದೆ. ಒಳಗಿನಿಂದ "ಏ!" ಎಂದು ಕೂಗು ಬಂತು. ಅದೇ ಹೊತ್ತಿಗೆ ಫೋನು. ಚೇಟತ್ತಿ.

"ಟೀಚರೇ, ನೀವು ಎಂತ ಮಾಡಿದ್ರಿ? ಫ್ಯಾನು ಜೋರಾಯ್ತು!"

"ಎಂತ ಇಲ್ಲ, ನನ್ನ ಮನೆಯ ಮೈನ್ ತೆಗೆದೆ ಅಷ್ಟೆ" ಎಂದವಳು ಅಲ್ಲೇ ನಿಂತೆ. ಫೋನು ಕಿವಿಯಲ್ಲಿ ಹಿಡಿದೇ ಸ್ವಿಚ್ಚು ಹಾಕಿದೆ. ಎ.ಸಿ. ಹೊರಟು ಗುರ್ರೆಂದಿತು.

"ಅಯ್ಯೋ, ಈಗ ಇಳಿಯಿತು" ಎಂದಳು ಅವಳು.

ತೆಗೆದೆ. "ಏರಿತು." ಹಾಕಿದೆ. "ಇಳಿಯಿತು." ಮೂರನೆಯ ಸಲಕ್ಕೆ ನಮ್ಮ ಮನೆಯವರು ಕಂಬಳಿ ಸಮೇತ ಹೊರಗೆ ಬಂದು, "ನಿನಗೆ ಎಂತ ಮಂಡೆ ಸರಿ ಇಲ್ವಾ?" ಎಂದರು. ಇಲ್ಲ, ಸರಿ ಇರಲಿಲ್ಲ.

ಕುಳಿತು ಲೆಕ್ಕ ಮಾಡಿದೆ. ಬೋರ್ಡಿನಲ್ಲಿ ಸಾವಿರ ಸಲ ಮಾಡಿದ ಲೆಕ್ಕವೇ. ನಮ್ಮ ಮನೆ ಹತ್ತು ಆಂಪಿಯರು ಎಳೆಯುತ್ತಿತ್ತು. ಎಳೆಯುವುದು ನಿಂತರೆ ನಮ್ಮ ಕಂಬದಲ್ಲಿ ಹದಿಮೂರು ವೋಲ್ಟು ಏರುತ್ತಿತ್ತು. ಹದಿಮೂರನ್ನು ಹತ್ತರಿಂದ ಭಾಗಿಸಿದರೆ ಒಂದು ಪಾಯಿಂಟ್ ಮೂರು ಓಮ್. ಅದು ಯಾವ ಬಲ್ಬಿನದ್ದೂ ಅಲ್ಲ, ಯಾವ ಕಾಯಿಲಿನದ್ದೂ ಅಲ್ಲ. ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಕಂಬದವರೆಗೆ ಗುಡ್ಡ ಇಳಿದು ಬರುವ ಆ ತಂತಿಯದ್ದು. ಮೂವತ್ತು ವರ್ಷ ಮಕ್ಕಳಿಗೆ ಉಪೇಕ್ಷಿಸಿ ಎಂದು ಬರೆಸಿದೆನಲ್ಲ, ಅದೇ ರೋಧ. ಸ್ಟೆಬಿಲೈಸರೆಂಬ ಪೆಟ್ಟಿಗೆ ವೋಲ್ಟನ್ನು ಆಕಾಶದಿಂದ ತರುವುದಿಲ್ಲ. ಒಳಗೆ ವೋಲ್ಟು ಏರಿಸಲು ಹೊರಗಿನಿಂದ ಆಂಪಿಯರು ಹೆಚ್ಚು ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ತಂತಿಯಲ್ಲಿ ವೋಲ್ಟು ಸೋರುತ್ತದೆ, ಕೆಳಗಿನವರಿಗೆ ಕಡಿಮೆ ಉಳಿಯುತ್ತದೆ. ಅವರು ಸ್ಟೆಬಿಲೈಸರು ಹಾಕುತ್ತಾರೆ, ಇನ್ನಷ್ಟು ಸೋರುತ್ತದೆ. ಈ ಓಟವನ್ನು ಶುರು ಮಾಡಿದ್ದು ನಾನು, ಮದುವೆ ಕಾಗದದ ಹಿಂದೆ ಬರೆದು. ಆಂಪಿಯರು ಏರುತ್ತದೆ ಎಂದು ನಾನೇ ಬರೆದಿದ್ದೆ. ಅದು ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ಓಡಿಸಲು ಮೀಟರು ಹಿಡಿದು ಹೊರಟ ಟೀಚರು! ಆ ವಯರ್‌ಮ್ಯಾನಿನದ್ದು ಕೇವಲ ಟೆಸ್ಟರು. ಅವನಿಂದ ಎರಡು ಕಾಯಿಲು ದಂಡವಾಯಿತು, ಅಷ್ಟೆ.

ನಾನು ಅಂದಿನಿಂದಲೇ ಸಂಜೆ ಎ.ಸಿ. ನಿಲ್ಲಿಸಿದೆ, ಸ್ಟೆಬಿಲೈಸರನ್ನು ತಪ್ಪಿಸಿ ನೇರ ಲೈನು ಕೊಡಿಸಿದೆ, ಫ್ರಿಜ್ಜನ್ನೂ ರಾತ್ರಿ ಊಟದವರೆಗೆ ಆಫ್ ಇಟ್ಟೆ. ನಮ್ಮ ಮನೆಯವರು ಮೂರು ದಿನ ಮಾತು ಬಿಟ್ಟರು. ಲಾಭವೇ ಆಯಿತು. ಚೇಟತ್ತಿಯ ಮನೆಯಲ್ಲಿ ನೂರ ಐವತ್ತು ಇದ್ದದ್ದು ನೂರ ಅರವತ್ತಮೂರಾಯಿತು, ನೂರ ಎಪ್ಪತ್ತು ವ್ಯಾಟು ಇನ್ನೂರಾಯಿತು. ಪೆಟ್ಟಿಗೆ ಮೂವತ್ತನಾಲ್ಕರ ಬದಲು ಮೂವತ್ತಾರರಲ್ಲಿ ನಿಂತಿತು. ಇನ್ನೊಂದು ಮನೆ, ಒಂದೇ ಒಂದು ಮನೆ, ಹತ್ತು ದಿನದ ಮಟ್ಟಿಗೆ ಸಂಜೆ ಎ.ಸಿ. ನಿಲ್ಲಿಸಿದರೆ ಸಾಕಿತ್ತು.

ಮ್ಯಾನೇಜರ ಮನೆಗೆ ಹೋದೆ. ಚೇಟತ್ತಿಯ ಪಕ್ಕದವರು ಅವರೇ. ವಿಷಯ ಹೇಳಿದೆ, ಲೆಕ್ಕ ಹೇಳಿದೆ, ಅವಳು ಮತ್ತೆ ಊರು ಬಿಟ್ಟು ಹೋಂ ನರ್ಸ್ ಕೆಲಸಕ್ಕೆ ಹೋಗಬೇಕಾಗುತ್ತದೆ ಎಂದೂ ಹೇಳಿದೆ. ಅವರು ಒಳಗೆ ಹೋಗಿ ಏನನ್ನೋ ತಂದು ನನ್ನ ಎದುರು ಬಿಡಿಸಿ ಇಟ್ಟರು. ನನ್ನ ಅಕ್ಷರ. ಕಂಪ್ರೆಸರು ಬೇಡುವ ವ್ಯಾಟ್ ಇಷ್ಟು, ಆಂಪಿಯರು ಏರಿದರೆ ಸುತ್ತು ಸುಡುತ್ತದೆ.

"ಇದು ನೀವೇ ಬರೆದದ್ದಲ್ವಾ ಟೀಚರೇ? ಸ್ಟೆಬಿಲೈಸರು ಇಲ್ಲದಿದ್ರೆ ಸುಡ್ತದೆ ಅಂತ? ನನ್ನ ಎ.ಸಿ. ಸುಟ್ಟರೆ ನೀವು ಕೊಡ್ತೀರಾ?"

"ಸ್ಟೆಬಿಲೈಸರು ಮಾತ್ರ ತೆಗೀರಿ ಅಂತ ನಾನು ಹೇಳುದಲ್ಲ, ಎ.ಸಿ.ಯನ್ನೇ ಹಾಕ್ಬೇಡಿ ಅಂತ. ನಾಲ್ಕು ಗಂಟೆ. ಹತ್ತು ದಿನ."

"ಕೋಳಿಮರಿಗೋಸ್ಕರ ನಾವು ಸೆಕೆಯಲ್ಲಿ ಬೇಯುದಾ? ನಿಮ್ಮದು ಒಳ್ಳೆ ನ್ಯಾಯ ಮಾರಾಯ್ರೆ." ನಕ್ಕರು. ಹೆಂಡತಿಯನ್ನು ಕರೆದು ನನಗೆ ಬೆಲ್ಲದ ಕಾಫಿ ಮಾಡಲು ಹೇಳಿದರು. ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಸಿಟ್ಟು ಅವರ ಮೇಲೆ ಬರಬೇಕಿತ್ತು, ಬಂತು ಕೂಡ, ಆದರೆ ಟೀಪಾಯಿಯ ಮೇಲೆ ನನ್ನದೇ ಕಾಗದ ಬಿದ್ದಿತ್ತು. ಮೇಲಿನ ಮನೆಗಳಿಗೂ ಹೋದೆ. ಎಲ್ಲರ ಬಾಯಲ್ಲೂ ನನ್ನದೇ ಪಾಠ. ಇಷ್ಟು ಚೆನ್ನಾಗಿ ಪಾಠ ಒಪ್ಪಿಸಿದವರು ನನ್ನ ಕ್ಲಾಸಿನಲ್ಲಿ ಯಾವತ್ತೂ ಇರಲಿಲ್ಲ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಚೇಟತ್ತಿ ಕರೆದಳು. ಈ ಸಲ ಮೊದಲಿಗಿಂತ ಹೆಚ್ಚು ಮರಿ ಬಂದಿದ್ದವು. ಅರ್ಧಕ್ಕರ್ಧ ಕಾಲು ಮಡಚಿ ಬಿದ್ದಿದ್ದವು, ಸಂಜೆಗೆ ಅವೂ ಹೋದವು. ನಿಂತು ಚಿಂವ್ ಚಿಂವ್ ಎನ್ನುತ್ತಿದ್ದಂಥವು ಒಂದು ರಟ್ಟಿನ ಪೆಟ್ಟಿಗೆ ತುಂಬುವಷ್ಟೂ ಇರಲಿಲ್ಲ. ಅವಳು ಅಳಲಿಲ್ಲ. ಚಿಪ್ಪುಗಳನ್ನು ಬಕೆಟಿಗೆ ಹಾಕಿ, ಟ್ರೇ ತೊಳೆದು ಕವುಚಿಟ್ಟಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ತಂತಿಯ ರೋಧ, ನನ್ನ ಪೆಟ್ಟಿಗೆ, ನನ್ನ ಕಾಗದ, ಎಲ್ಲ. ತಪ್ಪು ನನ್ನದು ಎಂದೆ. ಅವಳು ಬಕೆಟು ಎತ್ತಿಕೊಂಡು, "ನೀವು ಹತ್ತು ದಿನ ಆಫ್ ಮಾಡಿದ್ರಲ್ಲ ಟೀಚರೇ, ಅದು ಸಾಕು" ಎಂದಳು. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಜನವರಿ ಮುಗಿಯುವ ಮೊದಲು ಏಜೆಂಟಿನ ಜೀಪು ಬಂತು. ಮರಿಗಳನ್ನು ನನ್ನ ಕೈಗೆ ಕೊಟ್ಟಳು. ಮೆಷಿನಿಗೆ ಹಳೆಯ ಬೆಡ್‌ಶೀಟು ಮುಚ್ಚಿ, ಮೈನ್ ಸ್ವಿಚ್ಚು ಕೆಳಗೆ ಮಾಡಿ, ಬೀಗ ಹಾಕಿದಳು. "ಈ ಸಲ ಬಾಗಿಲು ಇರುವ ಕೋಣೆ ಕೊಡ್ತಾರಂತೆ" ಎಂದಳು. ಬೆನ್ನಿಗೆ ಕಟ್ಟುವ ಬೆಲ್ಟು ಹಾಕಿಕೊಂಡಿದ್ದಳು. ಜೀಪು ಓಣಿ ಹತ್ತುವಾಗ ಮ್ಯಾನೇಜರು ಗೇಟಿನಲ್ಲಿ ನಿಂತು ಕೈ ಬೀಸಿದರು.

ಮೊನ್ನೆ ಹಾಲಿನ ಡಿಪ್ಪೋದ ಹತ್ತಿರ ಅವರೇ ಸಿಕ್ಕಿದರು. ಈಗ ನಿಜವಾದ ಸೆಕೆ ಶುರುವಾಗಿದೆ.

"ಟೀಚರೇ, ಗಮನಿಸಿದ್ರಾ? ವೋಲ್ಟೇಜು ಸ್ವಲ್ಪ ಒಳ್ಳೆದಾಗಿದೆ. ನಿಮ್ಮ ಅರ್ಜಿಗೆ ಕರೆಂಟಿನವರು ಎಂತಾದ್ರೂ ಮಾಡಿದ್ರಾ ಏನೋ."

ಗಮನಿಸಿದ್ದೆ. ನಮ್ಮ ಎ.ಸಿ. ನಿಲ್ಲಿಸಿದ ಮೇಲೆ ಸಂಜೆ ಏಳಕ್ಕೆ ನೂರ ಎಂಬತ್ತೈದು ಇದ್ದದ್ದು ಈಗ ನೂರ ಎಂಬತ್ತೊಂಬತ್ತು. ಅರ್ಜಿ ನನ್ನ ಕಪಾಟಿನಲ್ಲೇ ಉಂಟು, ಮೂರು ಸಹಿ ಬಾಕಿ. ಚೇಟತ್ತಿಯ ಮನೆ ಎಲ್ಲ ಸೇರಿ ಎಳೆಯುತ್ತಿದ್ದದ್ದು ಮೂರು ಆಂಪಿಯರು. ತಂತಿಯದ್ದು ಒಂದು ಪಾಯಿಂಟ್ ಮೂರು ಓಮ್. ಗುಣಿಸಿದರೆ ನಾಲ್ಕು ವೋಲ್ಟು.

"ಯಾರೂ ಎಂತದೂ ಮಾಡ್ಲಿಲ್ಲ. ಕೊನೆಯ ಮನೆ ಆಫ್ ಆಗಿದೆ, ಅಷ್ಟೆ" ಎಂದೆ.

"ಓ, ಹಾಗಾ" ಎಂದು ಹಾಲಿನ ಕ್ಯಾನು ಎತ್ತಿಕೊಂಡು ಅವರು ಹೋದರು. ನಾನೂ ಮನೆಗೆ ಬಂದೆ. ನಮ್ಮ ಮನೆಯವರು ಬೆವರಿ ಬನಿಯನಿನಲ್ಲಿ ಕೂತಿದ್ದರು, ನನ್ನ ಮುಖ ನೋಡಿದರು. ನಾನೇ ಡಿಸೆಂಬರಿನಿಂದ ತಪ್ಪಿಸಿಟ್ಟಿದ್ದ ಸ್ಟೆಬಿಲೈಸರು ಆನ್ ಮಾಡಿ ಎ.ಸಿ. ಹಾಕಿದೆ.